ನೇರ ಕೆಳಗೆ ಅಗೆಯಬಾರದೇ?

ಮೈನ್‌ಕ್ರಾಫ್ಟ್ ಆಡುವ ಮಕ್ಕಳಿರುವ ಮನೆಯಲ್ಲಿ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ. ಫೋನ್ ಹಿಡಿದು ಕೂತ ತಮ್ಮನ ಹೆಗಲ ಮೇಲಿಂದ ಬಗ್ಗಿ ನೋಡುತ್ತಾ ಅಣ್ಣ ಎಚ್ಚರಿಸುತ್ತಾನೆ: "ಲೋ, ನೇರ ಕೆಳಗೆ ಅಗೀಬೇಡ ಕಣೋ!" ಯಾಕೆ ಎಂದು ತಮ್ಮ ಕೇಳಿದರೆ, "ಅಗೀಬಾರದು ಅಂದ್ರೆ ಅಗೀಬಾರದು, ಅಷ್ಟೆ." ಈ ಉಪದೇಶ ಆ ಅಣ್ಣನ ಸ್ವಂತದ್ದೇನಲ್ಲ. ಆಟ ತೆರೆದಾಗ ಮೊದಲ ಪರದೆಯಲ್ಲಿ ಹಳದಿ ಅಕ್ಷರಗಳಲ್ಲಿ ಬಂದುಹೋಗುವ ಸಾಲುಗಳಲ್ಲಿ ಇದೂ ಒಂದು. ಆಡುವವರೆಲ್ಲ ಒಬ್ಬರಿಂದೊಬ್ಬರು ಕಲಿತು, ಯಾರೂ ಪ್ರಶ್ನಿಸದೆ ಪಾಲಿಸಿಕೊಂಡು ಬಂದಿದ್ದಾರೆ.

ಸ್ವೀಡನ್ನಿನ ಮಾರ್ಕಸ್ ಪರ್ಸನ್ ಈ ಆಟದ ಮೊದಲ ರೂಪವನ್ನು ಜನರ ಮುಂದಿಟ್ಟದ್ದು 2009ರಲ್ಲಿ. ಪೂರ್ಣ ಆವೃತ್ತಿ ಬಂದದ್ದು 2011ರ ನವೆಂಬರ್‌ನಲ್ಲಿ. 2023ರ ಹೊತ್ತಿಗೆ 30 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಇಷ್ಟು ಜನ ಆಡುವ ಆಟಕ್ಕೆ ತನ್ನದೇ ಗಾದೆಗಳು ಹುಟ್ಟಿಕೊಳ್ಳುವುದು ಸಹಜ. ನೆಲದಡಿಯ ಅಗೆತದ ಬಗ್ಗೆ ಹುಟ್ಟಿದ ಗಾದೆಗಳಲ್ಲಿ ಹೆಚ್ಚಿನವು ಒಂದು ಕಾಲಕ್ಕೆ ಸರಿಯಾಗಿಯೇ ಇದ್ದವು, ಕೆಲವು ಈಗಲೂ ಅರ್ಧ ಸರಿ. ಆದರೆ ಅವುಗಳ ಹಿಂದಿನ ಕಾರಣ ಮರೆತುಹೋಗಿ ನಿಯಮ ಮಾತ್ರ ಉಳಿದಿದೆ. ಕಾರಣ ಗೊತ್ತಿಲ್ಲದೆ ಪಾಲಿಸುವ ನಿಯಮ ಆಟಗಾರನಿಗೆ ಸುರಕ್ಷತೆ ಕೊಡುವುದಕ್ಕಿಂತ ಸುರಕ್ಷಿತನಾಗಿದ್ದೇನೆ ಎಂಬ ಭಾವನೆಯನ್ನೇ ಹೆಚ್ಚು ಕೊಡುತ್ತದೆ ಎಂಬುದು ನನ್ನ ಅನುಮಾನ. ಈ ಅನುಮಾನಕ್ಕೆ ಆಧಾರವೇನೆಂದು ಒಂದೊಂದಾಗಿ ನೋಡೋಣ. ಇಲ್ಲಿ ಕೊಡುವ ಅಂಕಿಗಳು ಕಂಪ್ಯೂಟರಿನಲ್ಲಿ ಆಡುವ ಜಾವಾ ಆವೃತ್ತಿಯವು; ಫೋನಿನ ಆವೃತ್ತಿಯಲ್ಲಿ ಕೆಲವು ಸಣ್ಣ ವ್ಯತ್ಯಾಸಗಳಿವೆ.

ಮೊದಲು ಆ ಹಳದಿ ಅಕ್ಷರದ ಮಾತು. ನೇರ ಕೆಳಗೆ ಅಗೆದರೆ ಏನಾಗುತ್ತದೆ? ಕಾಲಡಿಯ ಬ್ಲಾಕ್ ಒಡೆಯುತ್ತದೆ, ಅದರ ಕೆಳಗೆ ಗುಹೆ ಇದ್ದರೆ ಬೀಳುತ್ತೀರಿ, ಲಾವಾ ಇದ್ದರೆ ಸುಟ್ಟುಹೋಗುತ್ತೀರಿ. ಬಿದ್ದ ಎತ್ತರದಲ್ಲಿ ಮೂರು ಬ್ಲಾಕ್ ಕಳೆದರೆ ಉಳಿಯುವಷ್ಟು ಪೆಟ್ಟು ಬೀಳುತ್ತದೆ. ಆಟಗಾರನ ಜೀವ ಒಟ್ಟು 20 ಅಂಶ, ಪರದೆಯ ಮೇಲೆ ಹತ್ತು ಹೃದಯಗಳಾಗಿ ಕಾಣುವುದು ಅದೇ. ಹಾಗಾಗಿ 23 ಬ್ಲಾಕ್ ಎತ್ತರದಿಂದ ಬಿದ್ದರೆ ಪೂರ್ತಿ ಆರೋಗ್ಯವಂತನೂ ಉಳಿಯುವುದಿಲ್ಲ. ಭಯಕ್ಕೆ ಕಾರಣವಿದೆ, ಒಪ್ಪೋಣ. ಆದರೆ ಆ ಕಾರಣವನ್ನು ಸ್ವಲ್ಪ ಬಿಡಿಸಿ ನೋಡಿದರೆ ದೋಷ ದಿಕ್ಕಿನದಲ್ಲ ಎಂದು ಕಾಣುತ್ತದೆ. ತಾನು ನಿಂತಿರುವ ಬ್ಲಾಕನ್ನೇ ಒಡೆಯುವುದು ಅಪಾಯ, ಏಕೆಂದರೆ ಕೆಳಗೆ ಏನಿದೆ ಎಂಬುದು ಕಣ್ಣಿಗೆ ಬೀಳುವ ಹೊತ್ತಿಗೆ ನಿಲ್ಲಲು ನೆಲ ಇರುವುದಿಲ್ಲ.

ಈ ತೊಂದರೆಗೆ ಪರಿಹಾರ ಬಹಳ ಸರಳ. ಎರಡು ಬ್ಲಾಕ್‌ಗಳು ಕೂಡುವ ಗೆರೆಯ ಮೇಲೆ ನಿಲ್ಲಿ. ಒಂದನ್ನು ಒಡೆಯಿರಿ. ಕೆಳಗೆ ಕಲ್ಲು ಕಂಡರೆ ಇನ್ನೊಂದನ್ನೂ ಒಡೆದು ಒಂದು ಹಂತ ಇಳಿಯಿರಿ. ಕತ್ತಲ ಬಾಯಿಯೋ ಕೆಂಪು ಹೊಳಪೋ ಕಂಡರೆ ಎರಡನೆಯ ಬ್ಲಾಕ್ ಇನ್ನೂ ನಿಮ್ಮ ಕಾಲಡಿ ಇದೆ, ಒಡೆದ ಜಾಗಕ್ಕೆ ಕಲ್ಲು ಮುಚ್ಚಿ ಪಕ್ಕಕ್ಕೆ ಸರಿಯಿರಿ. ಹೀಗೆ ಇಳಿಯುವವನು ನೇರ ಕೆಳಗೇ ಅಗೆಯುತ್ತಿದ್ದಾನೆ, ಆದರೆ ಕುರುಡಾಗಿ ಅಗೆಯುತ್ತಿಲ್ಲ.

ಇದರ ಬದಲು ಎಲ್ಲರೂ ಹೇಳಿಕೊಡುವುದು ಮೆಟ್ಟಿಲು ಕೊರೆದು ಇಳಿಯುವ ದಾರಿಯನ್ನು. ಅದರ ಅನುಕೂಲ ನಿಜವಾದದ್ದು: ಏಣಿ ಬೇಕಿಲ್ಲ, ಹತ್ತಿ ಬರುವುದು ಸುಲಭ, ಹೊಸಬರಿಗೆ ಬೇರೆ ದಾರಿ ನಾನೂ ಹೇಳಲಾರೆ. ಆದರೂ ಮೆಟ್ಟಿಲೇ ಹೆಚ್ಚು ಸುರಕ್ಷಿತ ಎಂಬ ಮಾತನ್ನು ಹಾಗೇ ಒಪ್ಪಲು ಮನಸ್ಸಾಗುವುದಿಲ್ಲ. ಒಂದು ಮೆಟ್ಟಿಲಿಗೆ ಮೂರು ಬ್ಲಾಕ್ ಒಡೆಯಬೇಕು, ಎರಡು ಬ್ಲಾಕ್ ಅಗಲದ ಬಾವಿಗೆ ಪ್ರತಿ ಹಂತಕ್ಕೆ ಎರಡು ಸಾಕು. ಮೆಟ್ಟಿಲು ಓರೆಯಾಗಿ ದೂರದವರೆಗೆ ಸಾಗುವುದರಿಂದ ದಾರಿಯಲ್ಲಿ ಗುಹೆಗಳನ್ನು ಮುಟ್ಟುವ ಸಂಭವವೂ ಹೆಚ್ಚು. ಮುಟ್ಟಿದ ಮೇಲೆ ಅದೇ ಮೆಟ್ಟಿಲು ಝಾಂಬಿಗಳಿಗೂ ಮೆಟ್ಟಿಲೇ. ಗೋಡೆ ಏರಬಲ್ಲ ಜೇಡವನ್ನು ಬಿಟ್ಟರೆ ಸಾಮಾನ್ಯ ರಾಕ್ಷಸರಾರೂ ಬರಿಯ ಬಾವಿಯನ್ನು ಹತ್ತಿ ಬರಲಾರರು.

ಇನ್ನು ಪದರದ ಮಾತು. ವಜ್ರ ಬೇಕಾದರೆ 11ನೇ ಪದರಕ್ಕೆ ಹೋಗು ಎಂಬುದು ವರ್ಷಗಟ್ಟಲೆ ವೇದವಾಕ್ಯವಾಗಿತ್ತು. ಅದಕ್ಕೊಂದು ಅಚ್ಚುಕಟ್ಟಾದ ಕಾರಣವೂ ಇತ್ತು. ಆಗ ಲೋಕದ ತಳ ಸೊನ್ನೆಯಲ್ಲಿತ್ತು, ಆಳದ ಗುಹೆಗಳಲ್ಲಿ ಲಾವಾ 10ನೇ ಪದರದವರೆಗೆ ತುಂಬಿಕೊಂಡಿರುತ್ತಿತ್ತು. 11ರಲ್ಲಿ ನಡೆಯುವವನಿಗೆ ಲಾವಾದ ಕೆರೆ ಎದುರಾದರೆ ಕಾಲಡಿ ಎದುರಾಗುತ್ತಿತ್ತೇ ಹೊರತು ಎದೆಯ ಮಟ್ಟದಲ್ಲಿ ಗೋಡೆಯಿಂದ ನುಗ್ಗುತ್ತಿರಲಿಲ್ಲ. 2021ರ ನವೆಂಬರ್ 30ರಂದು ಬಂದ 1.18 ಆವೃತ್ತಿ ಇದನ್ನೆಲ್ಲ ಬದಲಿಸಿತು. ಲೋಕದ ತಳ −64ಕ್ಕೆ ಇಳಿಯಿತು, ಗುಹೆಗಳು ದೊಡ್ಡದಾದವು, ವಜ್ರ ಆಳಕ್ಕೆ ಇಳಿದಷ್ಟೂ ಹೆಚ್ಚುವಂತಾಯಿತು, ಲಾವಾ −54ರ ಕೆಳಗಿನ ಗುಹೆಗಳನ್ನು ತುಂಬಿಕೊಂಡಿತು.

ಈಗ ಹೊಸ ವೇದವಾಕ್ಯ −59. ಅತಿ ಹೆಚ್ಚು ವಜ್ರ ಅಲ್ಲೇ ಎಂಬ ಲೆಕ್ಕ ಸರಿಯಾದದ್ದೇ. ಅದಕ್ಕಿಂತ ಕೆಳಗೆ ಒಡೆಯಲಾಗದ ತಳಬಂಡೆ ಅಡ್ಡ ಬರುತ್ತದೆ. ಆದರೆ ಹಳೆಯ ನಿಯಮದಲ್ಲಿ ಅಡಗಿದ್ದ ವಿವೇಕ ಹೊಸದರಲ್ಲಿ ಕಾಣೆಯಾಗಿದೆ. −59ರಲ್ಲಿ ಸುರಂಗ ಕೊರೆಯುವವನು ಲಾವಾ ಕೆರೆಗಳ ಮಟ್ಟದಲ್ಲೇ, ಅವುಗಳ ಒಡಲಿನ ಪಕ್ಕದಲ್ಲೇ ಸಾಗುತ್ತಿರುತ್ತಾನೆ. −53ರಲ್ಲಿ ನಡೆದರೆ ಕೆರೆ ಮತ್ತೆ ಕಾಲಡಿಗೆ ಹೋಗುತ್ತದೆ, ವಜ್ರದಲ್ಲಿ ಆಗುವ ನಷ್ಟ ಸ್ವಲ್ಪವೇ. ಬಿಡಿ ಬಿಡಿ ಲಾವಾ ಗುಂಡಿಗಳು ಅದಕ್ಕಿಂತ ಮೇಲೂ ಸಿಗುತ್ತವೆ, ಆದ್ದರಿಂದ −53 ಪೂರ್ತಿ ನಿರಪಾಯ ಎನ್ನಲಾರೆ. ಆದರೂ ಹನ್ನೊಂದರ ನಿಯಮವನ್ನು ಕಟ್ಟಿದವರು ವಜ್ರವನ್ನೂ ಜೀವವನ್ನೂ ಒಟ್ಟಿಗೆ ಲೆಕ್ಕ ಹಾಕಿದ್ದರು. ಐವತ್ತೊಂಬತ್ತರವರು ಲೆಕ್ಕ ಹಾಕಿರುವುದು ವಜ್ರವನ್ನು ಮಾತ್ರ.

ಬೆಳಕಿನ ವಿಚಾರಕ್ಕೆ ಬಂದರೆ ನಂಬಿಕೆ ಇನ್ನೂ ಗಟ್ಟಿ. ಕತ್ತಲಲ್ಲಿ ರಾಕ್ಷಸರು ಹುಟ್ಟುತ್ತಾರೆ, ಆದ್ದರಿಂದ ಹೆಜ್ಜೆಹೆಜ್ಜೆಗೂ ಪಂಜು ನೆಡಬೇಕು. ಹಿಂದೆ ಬೆಳಕಿನ ಮಟ್ಟ 7 ಅಥವಾ ಅದಕ್ಕಿಂತ ಕಡಿಮೆ ಇದ್ದ ಕಡೆ ಅವು ಹುಟ್ಟಬಹುದಿತ್ತು. 1.18ರ ನಂತರ ಬೆಳಕು ಪೂರ್ತಿ ಸೊನ್ನೆಯಾದ ಕಡೆ ಮಾತ್ರ ಹುಟ್ಟುತ್ತವೆ. ಒಂದು ಪಂಜಿನ ಬೆಳಕು 14, ಪ್ರತಿ ಬ್ಲಾಕ್‌ಗೆ ಒಂದೊಂದು ಅಂಶ ಕಡಿಮೆಯಾಗುತ್ತಾ ಹೋಗುತ್ತದೆ. ಲೆಕ್ಕ ಹಾಕಿದರೆ ನೇರವಾದ ಕಿರಿದಾದ ಸುರಂಗದಲ್ಲಿ 25 ಬ್ಲಾಕ್‌ಗೆ ಒಂದು ಪಂಜು ಸಾಕು. ಇಂದಿಗೂ ಆರೆಂಟು ಹೆಜ್ಜೆಗೊಂದು ನೆಡುವವರನ್ನು ನೋಡುತ್ತಲೇ ಇರುತ್ತೇನೆ.

ಹೆಚ್ಚು ಬೆಳಕಿದ್ದರೆ ನಷ್ಟವೇನು, ಇದ್ದಿಲು ಬೇಕಾದಷ್ಟು ಸಿಗುತ್ತದಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಂದು ಇದ್ದಿಲು, ಒಂದು ಕಡ್ಡಿ ಸೇರಿದರೆ ನಾಲ್ಕು ಪಂಜು ಆಗುತ್ತವೆ, ಖರ್ಚಿನ ಮಾತೇ ಇಲ್ಲ. ನನ್ನ ತಕರಾರು ಬೇರೆ. ಬೆಳಕು ರಾಕ್ಷಸರ ಹುಟ್ಟನ್ನು ತಡೆಯುತ್ತದೆ, ಅವರ ನಡಿಗೆಯನ್ನಲ್ಲ. ಪಕ್ಕದ ಕತ್ತಲ ಗುಹೆಯಲ್ಲಿ ಹುಟ್ಟಿದ ಝಾಂಬಿಯೊಂದು ನಿಮ್ಮ ದೀಪಾವಳಿಯಂತೆ ಬೆಳಗುವ ಸುರಂಗದೊಳಗೆ ನಿರಾತಂಕವಾಗಿ ನಡೆದು ಬರುತ್ತದೆ. ಅದನ್ನು ಸುಡುವುದು ಬಿಸಿಲು ಮಾತ್ರ, ಪಂಜಲ್ಲ. ಕ್ರೀಪರ್ ಕೂಡ ಹಾಗೆಯೇ ಬರುತ್ತದೆ, ಸದ್ದಿಲ್ಲದೆ. ಕವಚವಿಲ್ಲದವನನ್ನು ಹತ್ತಿರದಿಂದ ಒಂದೇ ಸ್ಫೋಟಕ್ಕೆ ಮುಗಿಸಬಲ್ಲದು. ಇನ್ನೊಂದು ಕಡೆ, ಆಟಗಾರನ ಸುತ್ತ 24 ಬ್ಲಾಕ್‌ಗಳೊಳಗೆ ರಾಕ್ಷಸರು ತಾವಾಗಿ ಹುಟ್ಟುವುದೇ ಇಲ್ಲ. ಅಂದರೆ ನೀವು ಈಗ ಅಗೆಯುತ್ತಿರುವ ತುದಿ ಕತ್ತಲಾಗಿದ್ದರೂ ಅಲ್ಲಿ ನಿಮ್ಮ ಬೆನ್ನ ಹಿಂದೆ ಯಾವುದೂ ಪ್ರತ್ಯಕ್ಷವಾಗದು. ಅಪಾಯ ಇರುವುದು ಹಿಂದೆ ದೂರದಲ್ಲಿ ಕತ್ತಲಾಗಿ ಬಿಟ್ಟ ಸುರಂಗದಲ್ಲಿ ಮತ್ತು ಗುಹೆಗೆ ತೆರೆದು ಮುಚ್ಚದೆ ಬಿಟ್ಟ ಕಿಂಡಿಯಲ್ಲಿ. ಆ ಕಿಂಡಿಗೆ ಇಟ್ಟ ಒಂದು ಕಲ್ಲು ಹತ್ತು ಪಂಜುಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಹಾಗೆಂದು ಪಂಜು ಬೇಡವೆಂದಲ್ಲ. ಅದರ ಒಂದು ಉಪಯೋಗವಂತೂ ಬೆಳಕಿಗೆ ಸಂಬಂಧಿಸಿದ್ದೇ ಅಲ್ಲ. ಈ ಆಟದಲ್ಲಿ ಕಲ್ಲು ಬೀಳುವುದಿಲ್ಲ, ಮರಳು ಮತ್ತು ಜಲ್ಲಿ ಬೀಳುತ್ತವೆ. ಮೇಲಕ್ಕೆ ಅಗೆಯುವಾಗ ಜಲ್ಲಿಯ ರಾಶಿ ತಲೆಯ ಮೇಲೆ ಕುಸಿದರೆ ಉಸಿರುಗಟ್ಟಿ ಜೀವ ಹೋಗಬಹುದು. ತಳದ ಜಲ್ಲಿಯನ್ನು ಒಡೆದ ಕೂಡಲೇ ಆ ಜಾಗದಲ್ಲಿ ಪಂಜು ನೆಟ್ಟರೆ ಮೇಲಿನಿಂದ ಬೀಳುವ ಪ್ರತಿ ಬ್ಲಾಕೂ ಅದಕ್ಕೆ ತಾಗಿ ಪುಡಿಯಾಗಿ ಚೀಲಕ್ಕೆ ಸೇರುವ ವಸ್ತುವಾಗುತ್ತದೆ.

ಎಲ್ಲರೂ ಹೆಚ್ಚು ಹೆದರುವುದು ಲಾವಾಕ್ಕೆ, ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಲಾವಾದೊಳಗೆ ಬಿದ್ದವನಿಗೆ ಪ್ರತಿ ಅರ್ಧ ಸೆಕೆಂಡಿಗೆ ನಾಲ್ಕು ಅಂಶ ಪೆಟ್ಟು, ಕವಚವಿಲ್ಲದಿದ್ದರೆ ಮೂರು ಸೆಕೆಂಡಿನೊಳಗೆ ಕಥೆ ಮುಗಿಯಿತು. ಚೀಲದಿಂದ ಚೆಲ್ಲಿದ ಸಾಮಾನೂ ಅದರಲ್ಲೇ ಸುಟ್ಟುಹೋಗುತ್ತದೆ. ಆದ್ದರಿಂದ ಲಾವಾ ಇದ್ದಕ್ಕಿದ್ದಂತೆ ಮೇಲೆರಗುವ ಮೃಗದ ಹಾಗೆ ಎಲ್ಲರ ಕಲ್ಪನೆಯಲ್ಲಿ ಕೂತಿದೆ. ಅದು ಹರಿಯುವುದನ್ನು ಗಮನಿಸಿ ನೋಡಿದವರು ಈ ಚಿತ್ರವನ್ನು ಒಪ್ಪಲಾರರು. ಆಟದ ಸಾಮಾನ್ಯ ಲೋಕದಲ್ಲಿ ಲಾವಾ ಒಂದು ಬ್ಲಾಕ್ ಮುಂದೆ ಹರಿಯಲು ಒಂದೂವರೆ ಸೆಕೆಂಡು ತೆಗೆದುಕೊಳ್ಳುತ್ತದೆ, ಸಮತಟ್ಟು ನೆಲದಲ್ಲಿ ಮೂಲದಿಂದ ಮೂರು ಬ್ಲಾಕ್ ದಾಟಿ ಹೋಗುವುದಿಲ್ಲ. ಆಟಗಾರ ನಡೆಯುವುದು ಸೆಕೆಂಡಿಗೆ ನಾಲ್ಕು ಬ್ಲಾಕ್‌ಗೂ ಹೆಚ್ಚು ವೇಗದಲ್ಲಿ. ಇವೆರಡನ್ನು ಪಕ್ಕಪಕ್ಕ ಇಟ್ಟರೆ ಸುರಂಗದಲ್ಲಿ ಲಾವಾ ಆಟಗಾರನ ಮೇಲೆ ಬರುವುದು ಅಪರೂಪ, ಆಟಗಾರನೇ ಲಾವಾದೊಳಗೆ ನಡೆದುಹೋಗುವುದು ಸಾಮಾನ್ಯ ಎಂಬ ತೀರ್ಮಾನಕ್ಕೆ ಬರಲೇಬೇಕಾಗುತ್ತದೆ.

ಅಷ್ಟು ದೊಡ್ಡ ಕೆಂಪು ಬೆಳಕು ಎದುರಿಗಿದ್ದೂ ಒಳಗೆ ನಡೆದುಹೋಗುವುದು ಹೇಗೆ? ಸುರಂಗ ಕೊರೆಯುವವರ ಕೈಯನ್ನು ನೋಡಿ. ಅಗೆಯುವ ಗುಂಡಿಯನ್ನೂ ಮುಂದೆ ಹೋಗುವ ಗುಂಡಿಯನ್ನೂ ಒಟ್ಟಿಗೆ ಒತ್ತಿ ಹಿಡಿದಿರುತ್ತಾರೆ. ಬ್ಲಾಕ್ ಒಡೆದ ಕ್ಷಣವೇ ಕಾಲು ಆ ಜಾಗಕ್ಕೆ ಹೋಗಿರುತ್ತದೆ. ನೂರು ಬ್ಲಾಕ್ ಕಲ್ಲೇ ಬಂದದ್ದರಿಂದ ನೂರೊಂದನೆಯದೂ ಕಲ್ಲೇ ಎಂದು ಕೈ ನಂಬಿಬಿಟ್ಟಿರುತ್ತದೆ. ಗುಹೆಗಳಿಗಿಂತ ಸ್ವಂತ ಸುರಂಗ ಸುರಕ್ಷಿತ ಎಂಬ ಮಾತನ್ನು ನಾನು ಬಹುಪಾಲು ಒಪ್ಪುತ್ತೇನೆ: ಶತ್ರು ಎರಡೇ ದಿಕ್ಕಿನಿಂದ ಬರಬಹುದು, ಎರಡೂ ದಿಕ್ಕನ್ನು ಕಲ್ಲಿನಿಂದ ಮುಚ್ಚಬಹುದು. ಆದರೆ ಸುರಂಗ ತರುವ ಬೇಸರ ಕೂಡ ಒಂದು ಅಪಾಯ, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ. ಗುಹೆಯಲ್ಲಿ ಭಯ ನಮ್ಮನ್ನು ಎಚ್ಚರವಾಗಿಡುತ್ತದೆ, ಸುರಂಗದಲ್ಲಿ ಎಚ್ಚರವನ್ನು ನಾವೇ ಇಟ್ಟುಕೊಳ್ಳಬೇಕು. ಒಡೆದ ಮೇಲೆ ಒಂದು ಕ್ಷಣ ನಿಂತು, ಕಂಡದ್ದನ್ನು ನೋಡಿ, ಆಮೇಲೆ ಹೆಜ್ಜೆ ಇಡುವವನಿಗೆ ಗೋಡೆಯಿಂದ ಜಿನುಗುವ ಲಾವಾವನ್ನು ಮುಚ್ಚಲು ಕೈಯಲ್ಲೊಂದು ಕಲ್ಲಿದ್ದರೆ ಸಾಕು, ಒಂದೂವರೆ ಸೆಕೆಂಡು ಧಾರಾಳ ಸಮಯ. ಸೆಟ್ಟಿಂಗ್ಸ್‌ನಲ್ಲಿ ಸಬ್‌ಟೈಟಲ್ ಹಾಕಿಕೊಂಡರೆ ಲಾವಾದ ಸದ್ದು, ಝಾಂಬಿಯ ನರಳಾಟ ಯಾವ ಕಡೆಯಿಂದ ಎಂಬುದೂ ಬಾಣದ ಗುರುತಿನೊಂದಿಗೆ ಪರದೆಯ ಮೇಲೆ ಬರುತ್ತದೆ. ಕಿವಿ ಮಂದವಾಗಿರುವವರಿಗೆ ಅದು ದೊಡ್ಡ ಉಪಕಾರ, ಉಳಿದವರಿಗೂ ಬೇಡವೆನ್ನಲು ಕಾರಣವಿಲ್ಲ.

ಆಳಕ್ಕೆ ಇಳಿಯುವ ಮುನ್ನ ವಜ್ರದ ಕವಚ ತೊಡಬೇಕು ಎನ್ನುತ್ತಾರೆ. ಬಾಣಕ್ಕೆ, ಸ್ಫೋಟಕ್ಕೆ ಅದು ನಿಜಕ್ಕೂ ರಕ್ಷಣೆ. ಆದರೆ ಬಿದ್ದ ಪೆಟ್ಟನ್ನು, ಜಲ್ಲಿಯಡಿ ಉಸಿರುಗಟ್ಟುವುದನ್ನು, ನೀರಿನಲ್ಲಿ ಮುಳುಗುವುದನ್ನು ಮಂತ್ರ ಹಾಕಿಸದ ಯಾವ ಕವಚವೂ ಕಡಿಮೆ ಮಾಡುವುದಿಲ್ಲ. ನೆಲದಡಿಯ ಸಾವುಗಳಲ್ಲಿ ಇಂಥವೂ ಇವೆ. ಸುಲಭವಾಗಿ ಮತ್ತೆ ಮಾಡಿಕೊಳ್ಳಬಹುದಾದ ಕಬ್ಬಿಣದ ಕವಚವೇ ನನಗೆ ಹೆಚ್ಚು ವಿವೇಕದ್ದಾಗಿ ಕಾಣುತ್ತದೆ. ಅದಕ್ಕಿಂತಲೂ ಮುಖ್ಯವಾದ ಒಂದು ವಸ್ತುವನ್ನು ಯಾವ ಪಟ್ಟಿಯೂ ಮೇಲಿಡುವುದಿಲ್ಲ: ಮರ. ಕಲ್ಲು, ಇದ್ದಿಲು, ಕಬ್ಬಿಣ ಎಲ್ಲ ಕೆಳಗೇ ಸಿಗುತ್ತವೆ, ಮರ ಮಾತ್ರ ಸಾಮಾನ್ಯವಾಗಿ ಸಿಗುವುದಿಲ್ಲ. ಪಿಕಾಸಿಯ ಹಿಡಿ, ಪಂಜಿನ ಕಡ್ಡಿ, ಏಣಿ, ಪೆಟ್ಟಿಗೆ, ಕೆಲಸದ ಮೇಜು ಎಲ್ಲಕ್ಕೂ ಅದು ಬೇಕು. ಒಂದು ದಿಮ್ಮಿಯಿಂದ ನಾಲ್ಕು ಹಲಗೆ, ಆ ನಾಲ್ಕು ಹಲಗೆಯಿಂದ ಎಂಟು ಕಡ್ಡಿ. ದಾರಿ ತಪ್ಪಿದವನ ಕೈಯಲ್ಲಿ ಮರವಿದ್ದರೆ ಪಿಕಾಸಿ ಮುರಿದರೂ ಹೊಸದು ಮಾಡಿಕೊಂಡು ಮೇಲಕ್ಕೆ ಮೆಟ್ಟಿಲು ಕಡಿದು ಎಲ್ಲಿಂದ ಬೇಕಾದರೂ ಹೊರಬರಬಹುದು. ಹಾಗಾಗಿ ದಾರಿ ತಪ್ಪುವುದನ್ನು ಅಷ್ಟೊಂದು ಭಯಪಡಬೇಕಾದ ವಿಷಯವೆಂದು ನಾನು ಭಾವಿಸುವುದಿಲ್ಲ.

ಸತ್ತ ಮೇಲೆ ಏನು ಮಾಡಬೇಕೆಂಬುದರಲ್ಲೂ ಒಂದು ಅರ್ಧಸತ್ಯ ಓಡಾಡುತ್ತಿದೆ. ಬಿದ್ದ ಸಾಮಾನು ಐದು ನಿಮಿಷದಲ್ಲಿ ಮಾಯವಾಗುತ್ತದೆ, ಓಡು, ಓಡು! ಐದು ನಿಮಿಷ ಎಂಬುದು ನಿಜ. ಆದರೆ ಆ ಗಡಿಯಾರ ನಡೆಯುವುದು ಆ ಜಾಗ ಆಟದಲ್ಲಿ ಚಾಲನೆಯಲ್ಲಿರುವಾಗ ಮಾತ್ರ. ನೀವು ಎಚ್ಚರಗೊಳ್ಳುವ ಹಾಸಿಗೆ ಅಲ್ಲಿಂದ ಸಾಕಷ್ಟು ದೂರವಿದ್ದರೆ ಆ ಭಾಗದ ಲೋಕ ಸ್ತಬ್ಧವಾಗಿರುತ್ತದೆ, ಸಾಮಾನು ಬಿದ್ದಲ್ಲೇ ಇರುತ್ತದೆ. ಹಾಸಿಗೆ ಗಣಿಯ ನೇರ ಮೇಲೆಯೇ ಇದ್ದರೆ ಗಡಿಯಾರ ಓಡುತ್ತಿರುತ್ತದೆ, ಆಗ ಅವಸರಕ್ಕೆ ಅರ್ಥವಿದೆ. ಉಳಿದಂತೆ, ಬರಿಗೈಯಲ್ಲಿ ಹಸಿವಿನಲ್ಲಿ ಕತ್ತಲಿಗೆ ನುಗ್ಗಿ ಎರಡನೆಯ ಬಾರಿ ಸಾಯುವುದಕ್ಕಿಂತ ಊಟ ಮಾಡಿ, ಒಂದು ಕಲ್ಲಿನ ಪಿಕಾಸಿ, ಗುರಾಣಿ ಮಾಡಿಕೊಂಡು ಹೋಗುವುದು ಮೇಲು. ಚಿಕ್ಕ ಮಕ್ಕಳೊಂದಿಗೆ ಆಡುವ ತಂದೆ ತಾಯಂದಿರಿಗೆ ಇನ್ನೊಂದು ಮಾತು: ಸತ್ತರೂ ಸಾಮಾನು ಚೀಲದಲ್ಲೇ ಉಳಿಯುವಂತೆ ಆಟದ ನಿಯಮ ಬದಲಿಸಿಕೊಳ್ಳಲು ಅವಕಾಶವಿದೆ. ಅದನ್ನು ಮೋಸ ಎನ್ನುವವರಿದ್ದಾರೆ. ಆಡುವವರೇ ಸೇರಿ ಒಪ್ಪಿ ಹಾಕಿಕೊಂಡ ನಿಯಮ ಯಾರಿಗೆ ಮಾಡಿದ ಮೋಸ ಎಂದು ನನಗೆ ತಿಳಿಯದು. ಏಳು ವರ್ಷದ ಮಗು ಒಂದು ವಾರ ಕೂಡಿಸಿದ್ದನ್ನು ಕಳೆದುಕೊಂಡು ಅಳುವುದರಿಂದ ಏನನ್ನಾದರೂ ಕಲಿಯುತ್ತದೆ ಎಂಬುದೂ ಪರೀಕ್ಷಿಸದೆ ಒಪ್ಪಿಕೊಂಡ ಮಾತೇ.

ಕಾರಣ ಬಿಟ್ಟ ನಿಯಮ ಎಲ್ಲಿ ಪೂರ್ತಿ ಕೈಕೊಡುತ್ತದೆ ಎಂಬುದಕ್ಕೆ ಆಟದಲ್ಲೇ ಎರಡು ಜಾಗಗಳಿವೆ. ಒಂದು, 2022ರ ಜೂನ್‌ನಲ್ಲಿ ಬಂದ ಡೀಪ್ ಡಾರ್ಕ್. ಹೆಸರೇ ಹೇಳುವಂತೆ ಗಾಢ ಕತ್ತಲು, ಆದರೂ ಅಲ್ಲಿ ಝಾಂಬಿ, ಕ್ರೀಪರ್‌ಗಳು ತಾವಾಗಿ ಹುಟ್ಟುವುದಿಲ್ಲ. ಅಲ್ಲಿಯ ಒಡೆಯ ವಾರ್ಡನ್‌ಗೆ ಕಣ್ಣಿಲ್ಲ, ಅದು ನೆಲದ ಕಂಪನವನ್ನೂ ವಾಸನೆಯನ್ನೂ ಹಿಡಿದು ಬರುತ್ತದೆ. ಜೀವ 500 ಅಂಶ, ಅಂದರೆ ಆಟಗಾರನ 25 ಪಟ್ಟು. ಪಂಜು ನೆಡುವ ಅಭ್ಯಾಸ ಇಲ್ಲಿ ರಕ್ಷಿಸದಿರುವುದು ಒತ್ತಟ್ಟಿಗಿರಲಿ, ಬ್ಲಾಕ್ ಇಡುವ ಕಂಪನವೇ ಅದನ್ನು ಕರೆಯಬಹುದು. ಕುಕ್ಕರಿಸಿ ನಡೆಯುವುದು, ಉಣ್ಣೆಯ ಬ್ಲಾಕ್ ಹಾಸುವುದು ಇಲ್ಲಿಯ ರಕ್ಷಣೆ. ಎರಡನೆಯದು ನೆದರ್ ಎಂಬ ಬೇರೆಯೇ ಲೋಕ. ಸದಾ ನೀರಿನ ಬಕೆಟ್ ಜೊತೆಗಿರಲಿ ಎಂಬ ಒಳ್ಳೆಯ ಸಲಹೆ ಅಲ್ಲಿ ನಿರುಪಯೋಗಿ, ಸುರಿದ ನೀರು ಆವಿಯಾಗುತ್ತದೆ. ಲಾವಾ ಅಲ್ಲಿ ಮೂರು ಪಟ್ಟು ವೇಗವಾಗಿ, ಹೆಚ್ಚು ದೂರ ಹರಿಯುತ್ತದೆ, ಆದ್ದರಿಂದ ಮೇಲೆ ನಾನು ಹೇಳಿದ ಸಮಾಧಾನದ ಲೆಕ್ಕವೂ ಅಲ್ಲಿ ಸಡಿಲವಾಗುತ್ತದೆ. ಮನೆಯಲ್ಲಿ ಅತ್ಯಂತ ಸುರಕ್ಷಿತವಾದ ಹಾಸಿಗೆ ಅಲ್ಲಿ ಮಲಗಲು ಹೋದವನ ಮುಖಕ್ಕೇ ಸಿಡಿಯುತ್ತದೆ.

ಈ ಆಟ ಮಕ್ಕಳಿಗೆ ಗಣಿಗಾರಿಕೆ ಕಲಿಸುತ್ತದೆ ಎಂದು ಮೆಚ್ಚುಗೆಯಿಂದ ಹೇಳುವವರ ಜೊತೆಗೂ ನನಗೆ ಸಣ್ಣ ಭಿನ್ನಾಭಿಪ್ರಾಯವಿದೆ. ಇಲ್ಲಿ ಬೆಟ್ಟದ ಬುಡವನ್ನೆಲ್ಲ ಕಡಿದರೂ ಮೇಲಿನ ಕಲ್ಲು ಗಾಳಿಯಲ್ಲಿ ನಿಲ್ಲುತ್ತದೆ. ಗಣಿಯ ಗಾಳಿ ಕೆಡುವುದಿಲ್ಲ, ಆಳಕ್ಕೆ ಹೋದಂತೆ ಸೆಕೆ ಏರುವುದಿಲ್ಲ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸಗಾರರು ಎದುರಿಸಿದ್ದು ಸರಿಯಾಗಿ ಇವನ್ನೇ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಚಾಂಪಿಯನ್ ರೀಫ್‌ನಲ್ಲಿ ಒತ್ತಡ ತಾಳಲಾರದೆ ಬಂಡೆಯೇ ಸಿಡಿಯುತ್ತಿತ್ತು. 2001ರಲ್ಲಿ ಆ ಗಣಿಗಳು ಮುಚ್ಚುವವರೆಗೂ ಆ ಭಯ ಅವರನ್ನು ಬಿಡಲಿಲ್ಲ. ಪಿಕಾಸಿಯ ಚಿತ್ರ ಒಂದೇ ಆಗಿರಬಹುದು, ಅಪಾಯಗಳು ಒಂದೇ ಅಲ್ಲ. ಆಟವನ್ನು ಆಟವಾಗಿ ಮೆಚ್ಚಲು ನನಗೆ ಅಡ್ಡಿಯಿಲ್ಲ, ಆ ಮೆಚ್ಚುಗೆಯಲ್ಲಿ ಗಣಿ ಕಾರ್ಮಿಕರ ಕಷ್ಟ ಹಗುರಾಗಬಾರದು.

ಇದನ್ನೆಲ್ಲ ಓದಿ ನೀವು ಒಪ್ಪಬೇಕೆಂದೇನೂ ಇಲ್ಲ, ಆದರೆ ಪರೀಕ್ಷಿಸಿ ನೋಡಿ ಎಂದು ಕೇಳಿಕೊಳ್ಳುತ್ತೇನೆ. ಪರೀಕ್ಷೆಗೆಂದೇ ಒಂದು ಹೊಸ ಲೋಕ ತೆರೆಯಿರಿ. ನೆಲದಡಿ ಒಂದು ಬ್ಲಾಕ್ ಅಗಲ, ಎರಡು ಬ್ಲಾಕ್ ಎತ್ತರದ ನೇರ ಸುರಂಗ ಕೊರೆಯಿರಿ, 25 ಬ್ಲಾಕ್‌ಗೊಂದರಂತೆ ಪಂಜು ನೆಡಿ, ಎರಡೂ ತುದಿ ಕಲ್ಲಿನಿಂದ ಮುಚ್ಚಿ. ಎಫ್3 ಒತ್ತಿದರೆ ನಿಂತ ಜಾಗದ ಬೆಳಕಿನ ಮಟ್ಟ ಪರದೆಯ ಮೇಲೆ ಕಾಣುತ್ತದೆ, ಎಲ್ಲೂ ಸೊನ್ನೆ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಆಮೇಲೆ ಸುರಂಗದಿಂದ 24 ಬ್ಲಾಕ್‌ಗಿಂತ ಸ್ವಲ್ಪ ಆಚೆ ನಿಂತು ಎರಡು ಮೂರು ರಾತ್ರಿ ಕಳೆಯಲಿ, ಬಂದು ತೆರೆದು ನೋಡಿ. ಬಳಿಕ ಅದೇ ಸುರಂಗದ ಗೋಡೆಯಲ್ಲಿ ಪಕ್ಕದ ಗುಹೆಗೆ ಒಂದು ಕಿಂಡಿ ಬಿಟ್ಟು, ಆರು ಹೆಜ್ಜೆಗೊಂದು ಪಂಜು ನೆಟ್ಟು, ಒಳಗೇ ಕೂತು ಕಾಯಿರಿ.